ಆನೆ ಎಳೆದ ಯಂತ್ರ ಮತ್ತು ಸೌದೆಗಾಡಿಯ ಪ್ರಶ್ನೆ

ಕೆಲವು ದಿನಗಳ ಹಿಂದೆ ಬೆಳಗಿನ ಪತ್ರಿಕೆಯಲ್ಲಿ ಸರ್ಕಾರದ ಹೊಸ ಯೋಜನೆಯೊಂದರ ಸುದ್ದಿಯನ್ನು ಓದುತ್ತಿದ್ದೆ. ಇಷ್ಟು ಕೋಟಿ ವೆಚ್ಚ, ಇಷ್ಟು ಯಂತ್ರೋಪಕರಣಗಳ ಖರೀದಿ, ಇಷ್ಟು ಸಾವಿರ ಉದ್ಯೋಗಗಳ ಸೃಷ್ಟಿ ಎಂದು ಬರೆದಿತ್ತು. ಓದುತ್ತಿದ್ದಂತೆ ಮೂವತ್ತೈದು ವರ್ಷಗಳಿಗೂ ಹಿಂದಿನ ಒಂದು ತರಗತಿಯ ನೆನಪಾಯಿತು. ಬಿ.ಎಡ್. ಮುಗಿಸಿ ಕೋಲಾರ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತು. ಶಿವನಸಮುದ್ರದ ವಿದ್ಯುತ್ತಿನ ಪಾಠವನ್ನು ಬಹಳ ಉತ್ಸಾಹದಿಂದ ಮಾಡುತ್ತಿದ್ದೆ. ಯಂತ್ರಗಳನ್ನು ಆನೆಗಳು ಎಳೆದು ತಂದವು ಎಂದಾಗ ಮಕ್ಕಳು ಕಣ್ಣರಳಿಸಿ ಕುಳಿತಿದ್ದರು. ಆಗ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಕರೆಂಟು ಬಂದ ಮೇಲೆ ಗಣಿಗೆ ಸೌದೆ ಹೊಡೀತಿದ್ದ ಗಾಡಿಯವರು ಏನು ಮಾಡಿದರು?" ಎಂದು ಕೇಳಿದ.

ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲ. "ಬೇರೆ ಕೆಲಸ ಸಿಕ್ಕಿರುತ್ತದೆ, ಕುಳಿತುಕೋ" ಎಂದೆ. ಅಧ್ಯಾಪಕರು ಉತ್ತರ ತಿಳಿಯದಾಗ ಆಡುವ ಮಾತು ಅದು. ಈ ಪುಟವನ್ನು ಓದುವ ನನ್ನ ಸಹೋದ್ಯೋಗಿ ಮಿತ್ರರಿಗೆ ಇದು ಚೆನ್ನಾಗಿ ಗೊತ್ತು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸರ್ಕಾರ ಬೊಕ್ಕಸದ ಹಣದಿಂದ ಯಂತ್ರ ಕೊಂಡರೆ ನಿಜವಾಗಿಯೂ ಕೆಲಸ ಹುಟ್ಟುತ್ತದೆಯೆ? ಹುಟ್ಟಿದರೆ ಎಲ್ಲಿ, ಯಾರಿಗೆ, ಯಾವಾಗ? ನಿವೃತ್ತಿಯ ನಂತರದ ಬಿಡುವಿನಲ್ಲಿ ನಮ್ಮ ಮೈಸೂರು ಸಂಸ್ಥಾನದ ಇತಿಹಾಸವನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಿದ್ದೇನೆ. ನನಗೆ ತೋರಿದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಶಿವನಸಮುದ್ರ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದಾಗ ರೂಪುಗೊಂಡ ಯೋಜನೆ ಇದು. ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ತೆಗೆದು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಕಳುಹಿಸುವುದೆಂದರೆ ಆ ಕಾಲಕ್ಕೆ ಜಗತ್ತಿನಲ್ಲಿಯೇ ದೊಡ್ಡ ಸಾಹಸ. ಕ್ಯಾಪ್ಟನ್ ಜೋಲಿ ಡಿ ಲಾಟ್ಬಿನಿಯೇರ್ ಎಂಬ ಎಂಜಿನಿಯರನ್ನು 1899ರಲ್ಲಿ ಯೂರೋಪ್ ಮತ್ತು ಅಮೆರಿಕಗಳಿಗೆ ಕಳುಹಿಸಿ ಅಲ್ಲಿನ ವಿದ್ಯುದಾಗಾರಗಳನ್ನು ನೋಡಿಬರುವಂತೆ ಮಾಡಲಾಯಿತು. 1902ರ ಜೂನ್ ತಿಂಗಳ ಕೊನೆಯಲ್ಲಿ ಗಣಿಗಳಿಗೆ ವಿದ್ಯುತ್ ಹರಿಯಿತು. ಶೇಷಾದ್ರಿ ಅಯ್ಯರ್ ಅವರು ಅದನ್ನು ನೋಡಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಇನ್ನು ಹಣದ ಜಾಡನ್ನು ಹಿಡಿದು ಹೋಗೋಣ. ವಿದ್ಯುತ್ ಉತ್ಪಾದಿಸುವ ಯಂತ್ರಗಳನ್ನು ಒದಗಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ನೀರಿನ ರಭಸಕ್ಕೆ ತಿರುಗುವ ಟರ್ಬೈನುಗಳನ್ನು ಒದಗಿಸಿದ್ದು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿ. ಅಂದರೆ ಮೈಸೂರಿನ ರೈತ ಕೊಟ್ಟ ಕಂದಾಯದ ಒಂದು ದೊಡ್ಡ ಪಾಲು ಸಮುದ್ರ ದಾಟಿ ಅಲ್ಲಿನ ಕಾರ್ಖಾನೆಗಳ ಎರಕದವರಿಗೂ ಲೇತ್ ಯಂತ್ರದವರಿಗೂ ವಾರದ ಸಂಬಳವಾಯಿತು. ಇದನ್ನು ತಪ್ಪೆಂದು ನಾನು ಹೇಳುತ್ತಿಲ್ಲ. ಅಂತಹ ಯಂತ್ರವನ್ನು ಆಗ ಇಲ್ಲಿ ಮಾಡುವವರೇ ಇರಲಿಲ್ಲ. ಆದರೆ ಯಂತ್ರದ ಬೆಲೆಯನ್ನು ತೋರಿಸಿ ಇಷ್ಟು ಹಣದಿಂದ ಇಷ್ಟು ಜನಕ್ಕೆ ಕೆಲಸ ಎಂದು ಲೆಕ್ಕ ಹಾಕುವವರು, ಆ ಜನ ಯಾವ ದೇಶದವರು ಎಂಬುದನ್ನೂ ಹೇಳಬೇಕಷ್ಟೆ.

ಇಲ್ಲಿ ಉಳಿದದ್ದು ಎತ್ತು, ಆನೆ ಮತ್ತು ಕೂಲಿಯ ಕೆಲಸ. ರೈಲಿನಿಂದ ಇಳಿಸಿದ ಭಾರವಾದ ಭಾಗಗಳನ್ನು ಕಾಡುದಾರಿಯಲ್ಲಿ ಎಳೆಯುವುದು, ಕಾಲುವೆ ತೋಡುವುದು, ಕಂಬ ನೆಡುವುದು, ತಂತಿ ಬಿಗಿಯುವುದು. ಸಾವಿರಾರು ಕೈಗಳಿಗೆ ಕೆಲಸ ಸಿಕ್ಕಿತು. ಆದರೆ ತಂತಿ ಬಿಗಿದು ಮುಗಿದ ದಿನ ಆ ಕೆಲಸವೂ ಮುಗಿಯಿತು. ವಿದ್ಯುದಾಗಾರವನ್ನು ನಡೆಸಲು ಬೇಕಾದವರು ಅದನ್ನು ಕಟ್ಟಿದವರ ಒಂದು ಸಣ್ಣ ಅಂಶ ಮಾತ್ರ. ಇದು ಇಂತಹ ಯಂತ್ರಗಳ ಸ್ವಭಾವವೇ ಆಗಿದೆ. ಕಡಿಮೆ ಕೈಗಳಿಂದ ಹೆಚ್ಚು ಕೆಲಸ ಮಾಡಿಸುವುದಕ್ಕಾಗಿಯೇ ಯಂತ್ರವನ್ನು ಕೊಳ್ಳುತ್ತಾರಲ್ಲವೆ?

ಸೌದೆಗಾಡಿಯ ಪ್ರಶ್ನೆ ಬರುವುದು ಇಲ್ಲಿ. ವಿದ್ಯುತ್ ಬರುವ ಮೊದಲು ಗಣಿಗಳ ಯಂತ್ರಗಳು ಹಬೆಯಿಂದ ನಡೆಯುತ್ತಿದ್ದವು. ಬಾಯ್ಲರುಗಳಿಗೆ ಸೌದೆ ಬೇಕು, ಕಲ್ಲಿದ್ದಲು ಬೇಕು. ಕಡಿಯುವವರು, ಹೇರುವವರು, ಗಾಡಿ ಹೊಡೆಯುವವರು, ಒಲೆಗೆ ತಳ್ಳುವವರು ಎಲ್ಲರೂ ಅದರಿಂದಲೇ ಬದುಕುತ್ತಿದ್ದರು. ತಂತಿಯಲ್ಲಿ ಶಕ್ತಿ ಬಂದೊಡನೆ ಈ ಕೆಲಸಗಳು ಒಂದೊಂದಾಗಿ ಕರಗಿದವು. ವಿದ್ಯುದಾಗಾರದ ಉದ್ಘಾಟನೆಯ ಸುದ್ದಿಯಲ್ಲಿ ಇವರ ಸುದ್ದಿ ಸೇರುವುದಿಲ್ಲ. 1850ರಲ್ಲಿ ಫ್ರಾನ್ಸಿನ ಬಾಸ್ಟಿಯಾ ಎಂಬ ಲೇಖಕ ಒಂದು ಪ್ರಬಂಧದಲ್ಲಿ ಇದನ್ನೇ ವಾದಿಸಿದ್ದ: ಖರ್ಚಿನಿಂದ ಕಣ್ಣಿಗೆ ಕಾಣುವ ಲಾಭವನ್ನು ಎಲ್ಲರೂ ಎಣಿಸುತ್ತಾರೆ, ಅದೇ ಹಣದಿಂದ ಬೇರೆಡೆ ಆಗಬಹುದಾಗಿದ್ದು ಆಗದೆ ಹೋದದ್ದನ್ನು ಯಾರೂ ಎಣಿಸುವುದಿಲ್ಲ ಎಂಬುದು ಅವನ ವಾದದ ಸಾರ. ಅವನ ಮಾತು ನನಗೆ ಪೂರ್ತಿ ಒಪ್ಪಿಗೆಯಲ್ಲ. ಕೈಗಳು ಸುಮ್ಮನೆ ಕುಳಿತಿರುವ ಕಾಲದಲ್ಲಿ ಸರ್ಕಾರ ಖರ್ಚು ಮಾಡಿದರೆ ಬೇರೆಯವರ ಕೆಲಸವನ್ನು ಕಸಿದಂತಾಗುವುದಿಲ್ಲ ಎಂದು 1936ರಲ್ಲಿ ಕೇನ್ಸ್ ತೋರಿಸಿಕೊಟ್ಟರು. ಅಂತಹ ಕಾಲ ನಮ್ಮಲ್ಲಿಯೂ ಬಂದಿತ್ತು.

1876–78ರ ಧಾತು ಈಶ್ವರ ಬರಗಾಲದ ವಿಷಯವನ್ನು ಹಿರಿಯರಿಂದ ಕೇಳದವರು ನಮ್ಮ ಕಡೆ ಕಡಿಮೆ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು ಎಂಬ ಒಂದು ಮಾತೇ ಸಾಕು. ಬೆಂಗಳೂರು–ಮೈಸೂರು ರೈಲುಮಾರ್ಗದ ಮಣ್ಣಿನ ಕೆಲಸ ಆರಂಭವಾದದ್ದು ಆ ಬರಗಾಲದ ಪರಿಹಾರ ಕಾಮಗಾರಿಯಾಗಿ. ಅಲ್ಲಿ ಉದ್ದೇಶ ಮೊದಲು ಕೂಲಿ ಕೊಡುವುದು, ರೈಲು ಆಮೇಲೆ. ಆದುದರಿಂದ ಗುದ್ದಲಿ, ಮಂಕರಿ, ತಲೆಹೊರೆ. ಶಿವನಸಮುದ್ರದಲ್ಲಿ ಉದ್ದೇಶ ಶಕ್ತಿ, ಆದುದರಿಂದ ಯಂತ್ರ. ಎರಡೂ ಸರ್ಕಾರದ ವೆಚ್ಚವೇ. ಆದರೆ ಒಂದರ ಹೆಸರಿನಲ್ಲಿ ಇನ್ನೊಂದರ ಫಲವನ್ನು ಕೇಳಬಾರದು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯನ್ನು ರೂಪಿಸಿದವರಿಗೆ ಈ ವ್ಯತ್ಯಾಸ ತಿಳಿದಿತ್ತು. ವೆಚ್ಚದಲ್ಲಿ ಕೂಲಿಯ ಪಾಲು 60ಕ್ಕಿಂತ ಕೆಳಗೆ ಇಳಿಯಬಾರದು, ಸಾಮಗ್ರಿಯ ಪಾಲು 40ನ್ನು ಮೀರಬಾರದು, ಕೂಲಿಕಾರರ ಕೆಲಸ ಕಸಿಯುವ ಯಂತ್ರ ಆದಷ್ಟೂ ಬೇಡ ಎಂದು ಅದರಲ್ಲಿ ಬರೆದಿದ್ದರು. ರಾತ್ರಿ ಹೊತ್ತು ಕೆರೆಯಂಗಳದಲ್ಲಿ ಜೆಸಿಬಿಯ ದೀಪ ಕಂಡವರಿಗೆ, ಆ ವಿಧಿಯನ್ನು ಏಕೆ ಬರೆಯಬೇಕಾಯಿತು ಎಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಈಗ ಕನ್ನಂಬಾಡಿಗೆ ಬರುತ್ತೇನೆ. ಇದು ನಮ್ಮ ಮನೆಯ ಕಥೆಯೂ ಹೌದು.

ಬೇಸಗೆಯಲ್ಲಿ ಕಾವೇರಿ ಸೊರಗಿದರೆ ಶಿವನಸಮುದ್ರದ ಯಂತ್ರಗಳೂ ಸೊರಗುತ್ತಿದ್ದವು. ಗಣಿಗಳಿಗೆ ಒಂದೇ ಸಮನೆ ವಿದ್ಯುತ್ ಬೇಕಿತ್ತು. ಮೇಲೆ ನೀರನ್ನು ಹಿಡಿದಿಡುವ ಕಟ್ಟೆ ಬೇಕೆನ್ನಿಸಿದ್ದಕ್ಕೆ ಇದೂ ಒಂದು ಕಾರಣ, ನೀರಾವರಿ ಇನ್ನೊಂದು. ಮುಖ್ಯ ಎಂಜಿನಿಯರ್ ವಿಶ್ವೇಶ್ವರಯ್ಯನವರ ಯೋಜನೆಗೆ ಹಣಕಾಸಿನ ಅಧಿಕಾರಿಗಳ ವಿರೋಧವಿತ್ತು. ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರು 1911ರಲ್ಲಿ 81 ಲಕ್ಷ ರೂಪಾಯಿಗಳ ಅಂದಾಜಿಗೆ ಮಂಜೂರಾತಿ ಕೊಟ್ಟರು. ಕೆಲಸ ಆ ವರ್ಷವೇ ಆರಂಭವಾಗಿ, ಮದರಾಸಿನೊಡನೆ ವ್ಯಾಜ್ಯ, 1924ರ ಒಪ್ಪಂದ ಎಲ್ಲವನ್ನೂ ದಾಟಿ 1932ರ ಹೊತ್ತಿಗೆ ಮುಗಿಯಿತು. ಸುಮಾರು 10,000 ಮಂದಿ ಅಲ್ಲಿ ದುಡಿದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆಗ ಸಿಮೆಂಟನ್ನು ಹೊರಗಿನಿಂದ ತರಿಸಬೇಕಿತ್ತು. ಅದರ ಬದಲು ಸುರ್ಕಿಗಾರೆಯನ್ನು ಬಳಸಿದರು. ಅಂದರೆ ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣ. ಇಟ್ಟಿಗೆ ಸುಡುವವನು ಇಲ್ಲಿಯವನು, ಸುಣ್ಣದ ಗೂಡಿನವನು ಇಲ್ಲಿಯವನು, ಕಲ್ಲು ಒಡೆಯುವವನೂ ಹೊರುವವನೂ ಇಲ್ಲಿಯವರೇ. ಶಿವನಸಮುದ್ರದ ಹಣ ಹಡಗು ಹತ್ತಿದಷ್ಟು ಕನ್ನಂಬಾಡಿಯ ಹಣ ಹತ್ತಲಿಲ್ಲ. ಮಿತವ್ಯಯಕ್ಕಾಗಿ ಮಾಡಿದ ಈ ಆಯ್ಕೆ ಸುತ್ತಲಿನ ಊರುಗಳಿಗೆ ಕೂಲಿಯಾಗಿ ಬಂತು.

ಆ ಸಾವಿರಾರು ಕೂಲಿಗಳಲ್ಲಿ ನನ್ನ ತಾತನೂ ಒಬ್ಬರು. ತಂದೆಯ ತಂದೆ. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಕಟ್ಟೆ ಕೆಲಸಕ್ಕೆ ಹೋಗಿ ಕಲ್ಲು ಹೊತ್ತರಂತೆ. ಕಟ್ಟೆ ಮುಗಿಯುತ್ತ ಬಂದಂತೆ ಕೂಲಿ ನಿಂತಿತು. ಊರಿಗೆ ಹಿಂತಿರುಗಿ ಮತ್ತೆ ಅದೇ ಮಳೆಯಾಧಾರದ ರಾಗಿಹೊಲ. "ಕಟ್ಟೆ ನನಗೆ ಕೊಟ್ಟಿದ್ದು ಈ ಭುಜದ ಗಂಟು ಒಂದೇ ಅಂತಿದ್ದೆ, ನೀರು ಬರೋವರೆಗೂ" ಎನ್ನುತ್ತಿದ್ದರು.

ಆ ನೀರು ಬಂದದ್ದು ಇರ್ವಿನ್ ನಾಲೆಯಲ್ಲಿ. ಈಗಿನ ವಿಶ್ವೇಶ್ವರಯ್ಯ ನಾಲೆ. ಹುಲಿಕೆರೆಯ ಬಳಿ ಗುಡ್ಡವನ್ನೇ ಕೊರೆದು ಸುರಂಗ ಮಾಡಿ ತಂದ ಈ ನಾಲೆಯಿಂದ 1,20,000 ಎಕರೆಗೆ ನೀರುಣಿಸುವ ಯೋಜನೆಯಿತ್ತು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಆಮೇಲೆ ನೋಡಿ, ಕೆಲಸ ಹೇಗೆ ಹುಟ್ಟಿತು. ಕಬ್ಬು ನೆಡುವವರು, ಕಡಿಯುವವರು, ಗಾಡಿಯವರು, ಆಲೆಮನೆಯವರು, ಕಾರ್ಖಾನೆಯ ಫಿಟ್ಟರುಗಳು, ಗುಮಾಸ್ತರು, ಹೋಟೆಲಿನವರು, ನಮ್ಮಂತಹ ಮೇಷ್ಟರುಗಳು. 1939ರಲ್ಲಿ ಮಂಡ್ಯ ಒಂದು ಜಿಲ್ಲೆಯೇ ಆಯಿತು. ತಾತ ಎರಡು ಎಕರೆ ಗದ್ದೆ ಮಾಡಿ, ಕಬ್ಬು ಬೆಳೆದು, ನನ್ನ ತಂದೆಯನ್ನು ಓದಿಸಿದರು. ನಾನು ಬಿ.ಎಡ್. ಮಾಡಿದ್ದು ಆ ನೀರಿನಿಂದ ಎಂದರೆ ಅತಿಶಯೋಕ್ತಿಯಲ್ಲ. 1911ರ ಮಂಜೂರಾತಿಯ ಕಾಗದದಲ್ಲಿ ಈ ಕೆಲಸಗಳನ್ನು ಯಾರೂ ಎಣಿಸಿರಲಾರರು; ಎಣಿಸಲು ಸಾಧ್ಯವೂ ಇರಲಿಲ್ಲ. ಕಟ್ಟೆ ಕೊಟ್ಟ ಕೂಲಿ ಇಪ್ಪತ್ತು ವರ್ಷ ನಡೆಯಿತು. ನೀರು ಕೊಟ್ಟ ಕೆಲಸ ತೊಂಬತ್ತು ವರ್ಷ ಕಳೆದರೂ ನಡೆಯುತ್ತಿದೆ.

ಇಷ್ಟಕ್ಕೇ ನಿಲ್ಲಿಸಿದರೆ ತಾತನ ಕಡೆಯ ಲೆಕ್ಕವನ್ನು ಮಾತ್ರ ಹೇಳಿದಂತಾಗುತ್ತದೆ. ತಾಯಿಯ ಕಡೆಯ ಅಜ್ಜಿ ಹುಟ್ಟಿದ ಊರು ಅದೇ ಕಟ್ಟೆಯ ಹಿನ್ನೀರಿನಲ್ಲಿ ಮುಳುಗಿತು. ಕನ್ನಂಬಾಡಿಯೂ ಸೇರಿದಂತೆ ಮುಳುಗಿದ ಊರುಗಳಿಂದ ಐದರಿಂದ ಹತ್ತು ಸಾವಿರ ಜನ ಎದ್ದು ಹೋಗಬೇಕಾಯಿತು ಎನ್ನುತ್ತಾರೆ. ಅಜ್ಜಿ ಆಗ ಚಿಕ್ಕ ಹುಡುಗಿ. ಗಾಡಿಯಲ್ಲಿ ಪಾತ್ರೆಪಗಡೆಗಳ ಜೊತೆಗೆ ಒರಳುಕಲ್ಲನ್ನೂ ಹೇರಿಕೊಂಡು ಬಂದದ್ದನ್ನು ಹೇಳುತ್ತಿದ್ದರು. ಹೊಸ ಜಾಗದಲ್ಲಿ ಅವರ ತಂದೆಗೆ ಮೊದಲಿನ ಹೊಲವೂ ಇಲ್ಲ, ನಾಲೆಯ ನೀರೂ ಇಲ್ಲ. ಕೆಲಸ ಹುಡುಕಿಕೊಂಡು ಹೋದದ್ದು ಎಲ್ಲಿಗೆ ಗೊತ್ತೆ? ಅದೇ ಕಟ್ಟೆಗೆ. ತನ್ನ ಊರನ್ನು ಮುಳುಗಿಸುವ ಗೋಡೆಗೆ ತಾನೇ ಗಾರೆ ಹೊತ್ತ ಮನುಷ್ಯ ಅವರು. ಮಸ್ಟರ್ ರೋಲಿನಲ್ಲಿ ಅವರೂ ಒಬ್ಬ ಕೆಲಸಗಾರ. ಸೃಷ್ಟಿಯಾದ ಉದ್ಯೋಗ ಒಂದು ಎಂದು ಗುಮಾಸ್ತ ಬರೆದುಕೊಂಡಿದ್ದರೆ ತಪ್ಪೇನೂ ಆಗುತ್ತಿರಲಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಹಿನ್ನೀರು ಇಳಿದು ಹಳೆಯ ಗೋಡೆಗಳು ಕಾಣಿಸಿದಾಗ, ಊರೆಲ್ಲ ಬರ ಎಂದು ಮರುಗುತ್ತಿದ್ದರೆ ಅಜ್ಜಿಯೊಬ್ಬರು ಮಾತ್ರ ಹೋಗಿ ನೋಡಿ ಬರಬೇಕೆನ್ನುತ್ತಿದ್ದರು. ನಮ್ಮ ಮನೆಯಲ್ಲಿ ಕಟ್ಟೆಯ ಮಾತು ಬಂದಾಗ ತಾತ ಮಾತನಾಡುತ್ತಿದ್ದರು, ಅಜ್ಜಿ ಅಡಿಗೆಮನೆಗೆ ಎದ್ದು ಹೋಗುತ್ತಿದ್ದರು.

ನಲವತ್ತು ವರ್ಷಗಳ ಹಿಂದಿನ ಆ ತರಗತಿಯಲ್ಲಿ ನಾನು ಇದನ್ನೆಲ್ಲ ಹೇಳಬಹುದಿತ್ತು. ನನ್ನ ಮನೆಯ ಕಥೆಯೇ ಪಾಠವೆಂದು ಆಗ ಹೊಳೆಯಲಿಲ್ಲ.

ಆ ಹುಡುಗ ಈಗ ಐವತ್ತು ದಾಟಿದ ಗೃಹಸ್ಥ; ಬೆಂಗಳೂರಿನಲ್ಲಿದ್ದಾನೆ, ಈ ಪುಟವನ್ನೂ ಓದುತ್ತಾನೆ. ಪತ್ರಿಕೆಯ ಆ ಸುದ್ದಿ ಓದಿದ ಸಂಜೆ ಅವನಿಗೆ ದೂರವಾಣಿ ಮಾಡಿ, "ಅಪ್ಪಾ, ಅಂದು ನೀನು ಕೇಳಿದ ಪ್ರಶ್ನೆಗೆ ನಾನು ಉತ್ತರವನ್ನೇ ಕೊಡಲಿಲ್ಲ" ಎಂದೆ. ಅವನು ನಕ್ಕ. "ಉತ್ತರ ನನಗೆ ಗೊತ್ತಿತ್ತು ಸಾರ್, ನಿಮಗೆ ಗೊತ್ತಾ ಅಂತ ಕೇಳಿದ್ದೆ" ಎಂದ.

ಅವನ ಮುತ್ತಾತ ಗಣಿಗೆ ಸೌದೆ ಹೊಡೆಯುತ್ತಿದ್ದವರಂತೆ. ಕರೆಂಟು ಬಂದ ಮೇಲೆ ಒಂದೆರಡು ವರ್ಷ ಹೇಗೋ ನಡೆಸಿ, ಎತ್ತುಗಳನ್ನು ಮಾರಿ ಗಣಿಯೊಳಕ್ಕೆ ಇಳಿದರು. ಗಣಿಯಲ್ಲಿ ಆಗ ಕೆಲಸಕ್ಕೆ ಕೊರತೆಯಿರಲಿಲ್ಲ. 1905ರ ಸುಮಾರಿಗೆ ಅಲ್ಲಿನ ಚಿನ್ನದ ಉತ್ಪಾದನೆ ತುತ್ತತುದಿಗೇರಿತ್ತು. ಅದಕ್ಕೆ ವಿದ್ಯುತ್ತೊಂದೇ ಕಾರಣವೆನ್ನಲಾರೆ, ಆದರೆ ಅದರ ಪಾಲಂತೂ ಇದ್ದೇ ಇತ್ತು. ಗಾಡಿಯಲ್ಲಿ ಕುಳಿತು ಬಿಸಿಲು ಕಾಣುತ್ತಿದ್ದ ಮನುಷ್ಯ ಕತ್ತಲೆಯಲ್ಲಿ ಕೆಲಸ ಕಲಿತರು. ಆಮೇಲೆ ಅವರ ಮಗ, ಮೊಮ್ಮಗ ಎಲ್ಲರೂ ಗಣಿಯವರೇ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದಾಗ ಅವನ ತಂದೆಯ ಕೆಲಸವೂ ಹೋಯಿತು.

"ಮುತ್ತಾತನಿಗೆ ಸಂಬಳ ಜಾಸ್ತಿ ಆಯ್ತಂತೆ ಸಾರ್. ಆದರೆ ಗಾಡಿ ಮಾತ್ರ ಕೊಡಲಿಲ್ಲ ಅವರು. ಎತ್ತು ಮಾರಿದರು, ಗಾಡಿ ಇಟ್ಟುಕೊಂಡರು" ಎಂದ. ಅದರ ಒಂದು ಚಕ್ರ ಊರಿನ ಮನೆಯ ಹಿತ್ತಿಲ ಗೋಡೆಗೆ ಒರಗಿಕೊಂಡು ಇಂದಿಗೂ ಇದೆಯಂತೆ. ಮುಂದಿನ ಬಾರಿ ಊರಿಗೆ ಹೋದಾಗ ಚಿತ್ರ ತೆಗೆದು ಕಳುಹಿಸುತ್ತೇನೆಂದು ಹೇಳಿದ್ದಾನೆ. ಬಂದ ಮೇಲೆ ಇಲ್ಲಿ ಹಾಕುತ್ತೇನೆ.