ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ: ಪ್ರಜೆಗಳೂ ಕಾನೂನುಗಳೂ

ಮಾಂಬಳ್ಳಿಯಿಂದ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಓಡಾಡುವ ನಮ್ಮ ವಿದ್ಯಾರ್ಥಿಗಳಿಗೆ ಈ ಸೀಮೆಯ ನಡುವೆ ಹಿಂದೆ ಎರಡು ಸರ್ಕಾರಗಳ ಗಡಿ ಇತ್ತೆಂದರೆ ನಂಬಿಕೆ ಬರಲಿಕ್ಕಿಲ್ಲ. ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಕೊಳ್ಳೇಗಾಲ, ಹನೂರು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಮಾತು ಒಂದೇ, ನಂಟಸ್ತಿಕೆಗೂ ಅಡ್ಡಿಯಿರಲಿಲ್ಲ. ಆದರೆ ಯಾರು ಯಾರ ಪ್ರಜೆ, ವ್ಯಾಜ್ಯ ಯಾವ ಹೈಕೋರ್ಟಿಗೆ ಹೋಗಬೇಕು ಎಂಬುದು ಬೇರೆ ಬೇರೆಯಾಗಿತ್ತು.

1799 ರ ಮೇ 4 ರಂದು ಶ್ರೀರಂಗಪಟ್ಟಣದ ಕಾಳಗದಲ್ಲಿ ಟಿಪ್ಪು ಸುಲ್ತಾನರು ಮಡಿದ ಮೇಲೆ ಅವರ ರಾಜ್ಯ ಹಂಚಿಹೋಯಿತು. ಕೊಯಮತ್ತೂರಿನ ಜೊತೆ ಕೊಳ್ಳೇಗಾಲ ಕಂಪನಿಗೆ ದಕ್ಕಿತು. ಯಳಂದೂರು 1807 ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಮುಂದೆ ಕೊಳ್ಳೇಗಾಲದಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆ, ಯಳಂದೂರಿನವನು ಮಹಾರಾಜರ ಪ್ರಜೆ. ಎರಡನೆಯವನನ್ನು ಬ್ರಿಟಿಷ್ ಕಾನೂನು ತನ್ನ 'ರಕ್ಷಣೆಯಲ್ಲಿರುವ ವ್ಯಕ್ತಿ' ಎಂದಷ್ಟೇ ಕರೆಯುತ್ತಿತ್ತು. ಗದ್ದೆಯ ಬದುವಿನಷ್ಟು ಅಂತರದಲ್ಲಿ ಎರಡು ರಾಷ್ಟ್ರೀಯತೆ!

ಈ ಭೇದ ಅಳಿದದ್ದು 1949 ರ ನವೆಂಬರ್ 26 ರಂದು. ಸಂವಿಧಾನದ ಉಳಿದ ಬಹುಭಾಗ 1950 ರ ಜನವರಿ 26 ರವರೆಗೆ ಕಾದರೂ ಪೌರತ್ವದ 5 ರಿಂದ 9 ನೆಯ ಅನುಚ್ಛೇದಗಳು ಅಂದೇ ಜಾರಿಗೆ ಬಂದವು. ಇಲ್ಲಿ ನೆಲೆಸಿದ್ದು, ತಾನೋ ತಂದೆತಾಯಿಯರಲ್ಲಿ ಒಬ್ಬರೋ ಭಾರತದ ನೆಲದಲ್ಲಿ ಹುಟ್ಟಿದ್ದರೆ ಸಾಕಿತ್ತು. ಸಂಸ್ಥಾನದವನೇ, ಪ್ರಾಂತ್ಯದವನೇ ಎಂದು ಕೇಳುವ ಅಗತ್ಯ ಉಳಿಯಲಿಲ್ಲ.

ಆದ್ದರಿಂದ 1956 ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂದಾಗ ಯಾರ ಪೌರತ್ವವೂ ಬದಲಾಗಲಿಲ್ಲ. ನ್ಯಾಯಮೂರ್ತಿ ಸೈಯದ್ ಫಜಲ್ ಅಲಿಯವರ ಅಧ್ಯಕ್ಷತೆಯ ಆಯೋಗ 1955 ರಲ್ಲಿ ವರದಿ ಕೊಟ್ಟಿತ್ತು. ಮರುವರ್ಷದ ರಾಜ್ಯ ಪುನರ್ವಿಂಗಡಣಾ ಕಾಯಿದೆಯಂತೆ ನವೆಂಬರ್ 1 ರಿಂದ ತಾಲ್ಲೂಕು ಮೈಸೂರು ಜಿಲ್ಲೆಗೆ ಸೇರಿತು. ಮೇಲ್ಮನವಿಗೆ ಮದರಾಸಿನ ಬದಲು ಬೆಂಗಳೂರಿನ ಹೈಕೋರ್ಟು.

ಆದರೆ ಕಾನೂನುಗಳು ಅಷ್ಟು ಸುಲಭವಾಗಿ ಗಡಿ ದಾಟುವುದಿಲ್ಲ. ಆ ಕಾಯಿದೆಯ 119 ನೆಯ ಕಲಮಿನಂತೆ, ಶಾಸಕಾಂಗ ಬದಲಿಸುವ ತನಕ ಆಯಾ ಪ್ರದೇಶದ ಹಳೆಯ ಕಾನೂನೇ ಮುಂದುವರಿಯಬೇಕು. ನಮ್ಮ ಮನೆಗಳಿಗೆ ತಟ್ಟುವ ಒಂದು ಉದಾಹರಣೆ ನೋಡೋಣ. 1937 ರ ಶರೀಅತ್ ಅನ್ವಯ ಕಾಯಿದೆ ಬ್ರಿಟಿಷ್ ಭಾರತಕ್ಕೆ ಮಾತ್ರ ಆಗಿದ್ದದ್ದು. ವ್ಯವಸಾಯದ ಭೂಮಿಯನ್ನು ಅದು ಹೊರಗಿಟ್ಟಿತ್ತು. ಮದರಾಸು ಸರ್ಕಾರ 1949 ರ ತಿದ್ದುಪಡಿಯಿಂದ ಹೊಲಗದ್ದೆಯನ್ನೂ ಅದರೊಳಗೆ ತಂದಿತು. ಕೊಳ್ಳೇಗಾಲ ಆಗ ಮದರಾಸಿನಲ್ಲಿತ್ತು. ಹಳೆಯ ಮೈಸೂರಿನ ಪ್ರದೇಶಕ್ಕೆ ಆ ಕೇಂದ್ರ ಕಾಯಿದೆ ತಲುಪಿದ್ದೇ 1960 ರ ಫೆಬ್ರವರಿ 1 ರಂದು, ಅದೂ ಮದರಾಸಿನ ತಿದ್ದುಪಡಿ ಇಲ್ಲದೆ. ಹೀಗಾಗಿ ಜಮೀನಿನಲ್ಲಿ ಹೆಣ್ಣುಮಕ್ಕಳ ಪಾಲಿನ ಹಳೆಯ ವ್ಯಾಜ್ಯವೆಂದರೆ, ಜಮೀನು ಎಲ್ಲಿದೆ, ತಂದೆ ಯಾವ ವರ್ಷ ತೀರಿಕೊಂಡರು ಎಂಬೆರಡನ್ನೂ ಮೊದಲು ನೋಡಬೇಕು. ಇದನ್ನು ಅರಿಯದೆ ಹಿರಿಯರು ಹೇಳಿದ್ದನ್ನೇ ಒಪ್ಪಿ ಸುಮ್ಮನಾಗುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಕಂದಾಯದ ಕಾನೂನು ರಾಜ್ಯಕ್ಕೆಲ್ಲ ಒಂದಾದದ್ದು 1964 ರ ಭೂಕಂದಾಯ ಕಾಯಿದೆಯಿಂದ. ಅಜ್ಜನ ಪೆಟ್ಟಿಗೆಯಲ್ಲಿ 'ಕೊಯಮತ್ತೂರು ಜಿಲ್ಲೆ' ಎಂದಿರುವ ಕ್ರಯಪತ್ರ ಸಿಕ್ಕರೆ ಬೇರೆ ಊರಿನದೆಂದು ಎಸೆಯಬೇಡಿ. ಅದೇ ಹೊಲ 1956 ರಿಂದ ಮೈಸೂರು ಜಿಲ್ಲೆಯಲ್ಲಿದ್ದು, 1997 ರಲ್ಲಿ ಚಾಮರಾಜನಗರ ಜಿಲ್ಲೆಗೆ ಬಂದಿದೆ.