ಪಟ್ಟಿಗೆ ಬಾರದ ಹೆಸರುಗಳು



2023ರ ಕೊನೆಯ ಕೆಲವು ತಿಂಗಳುಗಳನ್ನು ನಾನು ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ, ಮಗಳ ಮನೆಯಲ್ಲಿ ಕಳೆದೆನೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಡಿಸೆಂಬರ್‌ನ ಒಂದು ಸಂಜೆ ಪಕ್ಕದ ಮನೆಯ ಜಗಲಿಯಲ್ಲಿ ನಾಲ್ಕೈದು ಮಂದಿ ಹಿರಿಯರು ಏರುದನಿಯಲ್ಲಿ ವಾದಿಸುತ್ತಿದ್ದರು. ಚುನಾವಣೆಯ ಮಾತಿರಬೇಕೆಂದು ಭಾವಿಸಿದೆ. ಮೊಮ್ಮಗ ನಕ್ಕು, "ಅಲ್ಲ ತಾತ, ಒಬ್ಬ ಹುಡುಗ ಯಾವ ಕಾಲೇಜಿಗೆ ಸೇರ್ತಾನೆ ಅಂತ ಜಗಳ" ಎಂದ.

ಹುಡುಗನಿಗೆ ಹದಿನೇಳು ವರ್ಷ. ಅವನ ಎತ್ತರವೆಷ್ಟು, ತೂಕವೆಷ್ಟು, ತೋಳಿನ ಉದ್ದವೆಷ್ಟು, 40 ಗಜ ಓಡಲು ಎಷ್ಟು ಸೆಕೆಂಡು ಬೇಕು, ಇವೆಲ್ಲವೂ ಆ ಹಿರಿಯರಿಗೆ ಕಂಠಪಾಠವಾಗಿದ್ದವು. ನಮ್ಮ ಕಡೆಯ ದನಗಳ ಜಾತ್ರೆಯಲ್ಲಿ ಹಲ್ಲು ಎಣಿಸಿ, ಸುಳಿ ನೋಡಿ ಎತ್ತಿಗೆ ಬೆಲೆ ಕಟ್ಟುವುದು ನೆನಪಾಯಿತು. ನೆನಪಾದೊಡನೆ ಮುಜುಗರವೂ ಆಯಿತು. ಮನುಷ್ಯರನ್ನೇ ಹಾಗೆ ಮುಟ್ಟಿ ನೋಡಿ ಕೊಂಡುಕೊಂಡ ಕಾಲ ಆ ನಾಡಿನಲ್ಲಿ ಇತ್ತಷ್ಟೆ.

ಅಲ್ಲಿ ನನಗಿಂತ ಹಿರಿಯರಾದ, ಕಪ್ಪು ಜನಾಂಗದ ಒಬ್ಬರು ಕುಳಿತಿದ್ದರು. ಅವರು ಹೆಚ್ಚು ಮಾತನಾಡಲಿಲ್ಲ. ಪರಿಚಯವಾದ ಮೇಲೆ ನನಗೆ ಹೇಳಿದ ಮಾತು ಇಷ್ಟೆ: "ನಾನು ಶಾಲೆಯಲ್ಲಿದ್ದಾಗ ನಮ್ಮ ಹುಡುಗರಿಗಾಗಿ ಈ ರಾಜ್ಯದಲ್ಲಿ ಯಾರೂ ಹೀಗೆ ಜಗಳವಾಡುತ್ತಿರಲಿಲ್ಲ." ಚರಿತ್ರೆಯ ಮೇಷ್ಟ್ರಿಗೆ ಇಷ್ಟು ಸಾಕು. ಉಳಿದ ದಿನಗಳನ್ನು ಊರಿನ ಗ್ರಂಥಾಲಯದಲ್ಲಿ ಕಳೆದೆ.

ಮೊದಲು ಆಟದ ವಿಷಯ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿನ ಪಾತ್ರ ಅತ್ಯಲ್ಪ. ಚೆಂಡನ್ನು ಮುಂದೊಯ್ಯಲು 11 ಮಂದಿ, ತಡೆಯಲು ಬೇರೆಯೇ 11 ಮಂದಿ. ತಡೆಯುವವರ ಸಾಲಿನ ತುದಿಯಲ್ಲಿ ನಿಲ್ಲುವವನು ಡಿಫೆನ್ಸಿವ್ ಎಂಡ್. ಕಬಡ್ಡಿಯಲ್ಲಿ ಮೂಲೆ ಕಾಯುವವನಂತೆ ಸಮಯ ನೋಡಿ ನುಗ್ಗಿ ಎದುರಾಳಿಯನ್ನು ಕೆಡವಬೇಕು. ವಾದವೆಲ್ಲ ಇಂಥ ಒಬ್ಬ ಹುಡುಗನ ಬಗ್ಗೆಯೇ. ವೃತ್ತಿಪರ ತಂಡಗಳು ಸರದಿಯ ಮೇಲೆ ಆಟಗಾರರನ್ನು ಹಂಚಿಕೊಳ್ಳುತ್ತವೆ. ಕಾಲೇಜುಗಳಿಗೆ ಆ ಏರ್ಪಾಡಿಲ್ಲ. ಹಳಬರು ಓದು ಮುಗಿಸಿ ಹೋದಂತೆಲ್ಲ ಕೋಚುಗಳು ಶಾಲಾ ಹುಡುಗರ ಮನೆಮನೆಗೆ ಹೋಗಿ, ಹೆತ್ತವರ ಮುಂದೆ ಕುಳಿತು ಮನವೊಲಿಸಬೇಕು. ಹೆಣ್ಣು ಕೇಳಲು ಹೋದಂತೆಯೇ ಎನ್ನಿ.

1960ರ ದಶಕದ ಆರಂಭದಲ್ಲಿ ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳ ಕೋಚುಗಳು ಕಪ್ಪು ಹುಡುಗರ ಮನೆಗಳಿಗೆ ಹೋಗುತ್ತಿರಲಿಲ್ಲ. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಸುಪ್ರೀಂ ಕೋರ್ಟ್ 1954ರಲ್ಲೇ ತೀರ್ಪು ನೀಡಿತ್ತು. ಆದರೂ 1963ರ ಜೂನ್‌ನಲ್ಲಿ ಅಲಬಾಮಾದ ಗವರ್ನರ್ ಜಾರ್ಜ್ ವ್ಯಾಲೇಸ್ ಇಬ್ಬರು ಕಪ್ಪು ವಿದ್ಯಾರ್ಥಿಗಳನ್ನು ತಡೆಯಲೆಂದು ವಿಶ್ವವಿದ್ಯಾಲಯದ ಬಾಗಿಲಲ್ಲೇ ನಿಂತರು. ಬಾಗಿಲು ತೆರೆಯಿತು, ಮೈದಾನ ತೆರೆಯಲಿಲ್ಲ.

ಉತ್ತರದವರು ಇದನ್ನು ಕಂಡುಕೊಂಡರು. ಟೆಕ್ಸಾಸ್‌ನ ಬೋಮಾಂಟ್ ಊರಿನ ಬಬ್ಬಾ ಸ್ಮಿತ್ ಎಂಬ ಭಾರೀ ಆಳಿಗೆ ತನ್ನ ರಾಜ್ಯದ ವಿಶ್ವವಿದ್ಯಾಲಯದ ಪರವಾಗಿಯೇ ಆಡುವ ಆಸೆಯಿತ್ತು. ಆಗಲಿಲ್ಲ. ಸಾವಿರ ಮೈಲಿಗೂ ಆಚೆ, ಹಿಮ ಬೀಳುವ ಮಿಷಿಗನ್ ಸ್ಟೇಟ್‌ಗೆ ಹೋಗಿ ಡಿಫೆನ್ಸಿವ್ ಎಂಡ್ ಆದರು. ಅಲ್ಲಿನ ಕೋಚ್ ಡಫಿ ಡಾರ್ಟಿ ದಕ್ಷಿಣ ಕೆರೊಲಿನಾದಿಂದ ಜಾರ್ಜ್ ವೆಬ್‌ಸ್ಟರ್ ಅವರನ್ನೂ, ಉತ್ತರ ಕೆರೊಲಿನಾದಿಂದ ಜಿಮ್ಮಿ ರೇ ಅವರನ್ನೂ ಕರೆತಂದರು. 1966ರ ನವೆಂಬರ್ 19ರಂದು ಈ ತಂಡ ನೋಟರ್ ಡೇಮ್ ವಿರುದ್ಧ ಆಡಿದ 10-10ರ ಸಮಬಲದ ಪಂದ್ಯವನ್ನು ಅಲ್ಲಿಯ ಮುದುಕರು ಇಂದಿಗೂ ಚರ್ಚಿಸುತ್ತಾರೆ. ಮರುವರ್ಷ ವೃತ್ತಿಪರ ತಂಡಗಳು ಹಂಚಿಕೊಂಡ ಮೊದಲ ಎಂಟು ಆಟಗಾರರಲ್ಲಿ ನಾಲ್ವರು ಈ ತಂಡದವರು. ಪ್ರಥಮ ಆಯ್ಕೆ ಸ್ಮಿತ್.

ದಕ್ಷಿಣದ ಪ್ರಬಲ ಒಕ್ಕೂಟದಲ್ಲಿ ಮೊದಲು ಹೆಜ್ಜೆಯಿಟ್ಟದ್ದು ಕೆಂಟಕಿ ವಿಶ್ವವಿದ್ಯಾಲಯ. ನೇಟ್ ನಾರ್ದಿಂಗ್‌ಟನ್ ಮತ್ತು ಗ್ರೆಗ್ ಪೇಜ್ ಎಂಬ ಇಬ್ಬರು ಕಪ್ಪು ಹುಡುಗರನ್ನು ಅದು ಒಟ್ಟಿಗೆ ಸೇರಿಸಿಕೊಂಡಿತು. ಇಬ್ಬರೂ ಒಂದೇ ಕೋಣೆಯಲ್ಲಿದ್ದರು. ಪೇಜ್ ಡಿಫೆನ್ಸಿವ್ ಎಂಡ್. 1967ರ ಆಗಸ್ಟ್‌ನಲ್ಲಿ ಅಭ್ಯಾಸದ ವೇಳೆ ಕತ್ತಿಗೆ ಪೆಟ್ಟಾಗಿ ಅವರ ದೇಹ ನಿಶ್ಚೇಷ್ಟಿತವಾಯಿತು. 38 ದಿನ ಹಾಸಿಗೆಯಲ್ಲಿದ್ದು ಸೆಪ್ಟೆಂಬರ್ 29ರಂದು ತೀರಿಕೊಂಡರು. ಮರುದಿನವೇ ಪಂದ್ಯ. ಗೆಳೆಯನ ಸಾವಿನ ಮರುದಿನ ನಾರ್ದಿಂಗ್‌ಟನ್ ಮೈದಾನಕ್ಕಿಳಿದು, ಆ ಒಕ್ಕೂಟದ ಫುಟ್‌ಬಾಲ್ ಪಂದ್ಯದಲ್ಲಿ ಆಡಿದ ಪ್ರಥಮ ಕಪ್ಪು ಆಟಗಾರರಾದರು. ಆಡಿದ್ದು ಕೆಲವೇ ನಿಮಿಷ. ಕೆಲವು ವಾರಗಳಲ್ಲಿ ಅವರು ಆ ವಿಶ್ವವಿದ್ಯಾಲಯವನ್ನೇ ತೊರೆದರು. ಹೊರಡುವ ಮುನ್ನ ತಮ್ಮ ಹಿಂದೆ ಬಂದಿದ್ದ ಇನ್ನಿಬ್ಬರು ಕಪ್ಪು ಹುಡುಗರಿಗೆ, ನೀವು ಮಾತ್ರ ಬಿಟ್ಟು ಹೋಗಬೇಡಿ ಎಂದು ಕೇಳಿಕೊಂಡರು. ಅವರಿಬ್ಬರೂ ಹೋಗಲಿಲ್ಲ. ಅವರಲ್ಲೊಬ್ಬರಾದ ವಿಲ್ಬರ್ ಹ್ಯಾಕೆಟ್, ರಕ್ಷಣಾ ಪಂಕ್ತಿಯ ಲೈನ್‌ಬ್ಯಾಕರ್, ಮುಂದೆ ತಂಡದ ನಾಯಕರಾದರು. ಈ ನಾಲ್ವರ ಪ್ರತಿಮೆಗಳು 2016ರಿಂದ ಕೆಂಟಕಿಯಲ್ಲಿ ನಿಂತಿವೆ. ಹತ್ತೊಂಬತ್ತು ಇಪ್ಪತ್ತರ ಆ ಹುಡುಗರಿಂದ ಹಿರಿಯರು ಎಷ್ಟನ್ನು ಕೇಳಿದರು ಎಂದು ಓದುತ್ತ ಓದುತ್ತ ನನಗೆ ಪುಸ್ತಕ ಮುಚ್ಚಬೇಕೆನಿಸಿತು.

ಇನ್ನು ಅಲಬಾಮಾ. ಅಲ್ಲಿ ಪ್ರಚಲಿತವಾಗಿರುವ ಐತಿಹ್ಯ ಹೀಗಿದೆ: 1970ರ ಸೆಪ್ಟೆಂಬರ್ 12ರಂದು ದಕ್ಷಿಣ ಕ್ಯಾಲಿಫೋರ್ನಿಯಾದ ತಂಡ ಬರ್ಮಿಂಗ್‌ಹ್ಯಾಮ್‌ಗೆ ಬಂದು, ಅಲಬಾಮಾದ ಬರೀ ಬಿಳಿಯರ ತಂಡವನ್ನು 42-21ರಿಂದ ಸೋಲಿಸಿತು. ಕಪ್ಪು ಆಟಗಾರ ಸ್ಯಾಮ್ ಕನಿಂಗ್‌ಹ್ಯಾಮ್ ಚೆಂಡು ಹಿಡಿದು 135 ಗಜ ಓಡಿದರು. ಕೋಚ್ ಬೇರ್ ಬ್ರಯಂಟ್‌ಗೂ ಅಭಿಮಾನಿಗಳಿಗೂ ಆ ರಾತ್ರಿ ಕಣ್ಣು ತೆರೆಯಿತು.

ಕಥೆ ಸೊಗಸಾಗಿದೆ, ಪೂರ್ಣ ಸತ್ಯವಲ್ಲ. ವಿಲ್ಬರ್ ಜ್ಯಾಕ್ಸನ್ ಎಂಬ ಕಪ್ಪು ಆಟಗಾರನನ್ನು ಅಲಬಾಮಾ ಆ ಪಂದ್ಯಕ್ಕೆ ಮೊದಲೇ ವಿದ್ಯಾರ್ಥಿವೇತನ ಕೊಟ್ಟು ಸೇರಿಸಿಕೊಂಡಾಗಿತ್ತು. ಪ್ರಥಮ ವರ್ಷದವರು ಮುಖ್ಯ ತಂಡದಲ್ಲಿ ಆಡಬಾರದೆಂಬ ಅಂದಿನ ನಿಯಮದಿಂದಾಗಿ ಅವರು ಮೈದಾನಕ್ಕಿಳಿಯಲಿಲ್ಲ. ಅದಕ್ಕೂ ಹಿಂದೆ, 1967ರಲ್ಲಿ, ಐವರು ಕಪ್ಪು ವಿದ್ಯಾರ್ಥಿಗಳು ಯಾರೂ ಕರೆಯದಿದ್ದರೂ ತಾವಾಗಿಯೇ ಅಭ್ಯಾಸಕ್ಕೆ ಹೋಗಿ ನಿಂತಿದ್ದರು. 1969ರಲ್ಲಿ ಅಲ್ಲಿನ ಕಪ್ಪು ವಿದ್ಯಾರ್ಥಿಗಳ ಸಂಘ, ಆಟಗಾರರ ಆಯ್ಕೆಯಲ್ಲಿ ತಾರತಮ್ಯವಿದೆಯೆಂದು ನ್ಯಾಯಾಲಯಕ್ಕೆ ಹೋಗಿತ್ತು. ಅವರ ವಕೀಲರಾಗಿದ್ದ ಯು. ಡಬ್ಲ್ಯು. ಕ್ಲೆಮನ್ 1980ರಲ್ಲಿ ಅಲಬಾಮಾದ ಪ್ರಥಮ ಕಪ್ಪು ಫೆಡರಲ್ ನ್ಯಾಯಾಧೀಶರಾದರು. ಒಂದು ರಾತ್ರಿಯ ಪಂದ್ಯಕ್ಕೆ ಕೀರ್ತಿ ಸಲ್ಲಿಸುವುದು ಸುಲಭ. ಅರ್ಜಿ ಬರೆದವರನ್ನು ಯಾರು ನೆನೆಯುತ್ತಾರೆ?

ಜಾನ್ ಮಿಚೆಲ್ ಅವರ ಕಥೆ ನನಗೆ ಬಹಳ ಹಿಡಿಸಿತು. ಅಲಬಾಮಾದ್ದೇ ಆದ ಮೊಬೀಲ್ ನಗರದ ಹುಡುಗ. ವಿಶ್ವವಿದ್ಯಾಲಯದಿಂದ ಸುಮಾರು ಇನ್ನೂರು ಮೈಲಿ. ಯಾರೂ ಕೇಳಲಿಲ್ಲ. ದೂರದ ಅರಿಜೋನಾದ ಸಣ್ಣ ಕಾಲೇಜಿಗೆ ಹೋಗಿ ಹೆಸರು ಮಾಡಿದ ಮೇಲೆ ದಕ್ಷಿಣ ಕ್ಯಾಲಿಫೋರ್ನಿಯಾ ಕರೆಯಿತು. ಆ ತಂಡದ ಕೋಚ್ ಜಾನ್ ಮೆಕೇ ಗೆಳೆಯ ಬ್ರಯಂಟ್ ಎದುರು ಮಾತಿಗೆ ಮಾತು ಬಂದು, ನಿಮ್ಮ ರಾಜ್ಯದ ಒಳ್ಳೆಯ ಹುಡುಗನೊಬ್ಬ ನಮಗೆ ಸಿಗುತ್ತಿದ್ದಾನೆಂದು ಹೇಳಿಬಿಟ್ಟರಂತೆ. ಬ್ರಯಂಟ್ ತಕ್ಷಣ ಫೋನ್ ಹಿಡಿದರಂತೆ. 1971ರ ಸೆಪ್ಟೆಂಬರ್ 10ರಂದು ಲಾಸ್ ಏಂಜಲೀಸ್‌ನಲ್ಲಿ, ಅದೇ ಮೆಕೇ ಅವರ ತಂಡದ ವಿರುದ್ಧ, ಮಿಚೆಲ್ ಅಲಬಾಮಾ ಪರವಾಗಿ ಡಿಫೆನ್ಸಿವ್ ಎಂಡ್ ಆಗಿ ಆಡಿದರು. ಅಲಬಾಮಾ 17-10ರಿಂದ ಗೆದ್ದಿತು. ಮರುವರ್ಷ ಅವರು ತಂಡದ ಸಹನಾಯಕ. 1973ರಲ್ಲಿ ಅಲ್ಲಿಯೇ ಸಹಾಯಕ ಕೋಚ್.

ಇನ್ನೂರು ಮೈಲಿಯಲ್ಲಿದ್ದವನು ಕಾಣಲಿಲ್ಲವೇ ಎಂದು ಬ್ರಯಂಟ್ ಅವರನ್ನು ಕೇಳುವ ಮೊದಲು ನನ್ನದೊಂದು ಲೆಕ್ಕ ಒಪ್ಪಿಸಬೇಕು. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಕಬಡ್ಡಿ ತಂಡ ಆರಿಸುವಾಗ ದೈಹಿಕ ಶಿಕ್ಷಕರ ಜೊತೆ ನಾನೂ ಪಟ್ಟಿ ಬರೆಯುತ್ತಿದ್ದೆ. "ಆಸಕ್ತಿ ಇರುವವರು ಐದು ಗಂಟೆಗೆ ನಿಲ್ಲಿ" ಎನ್ನುತ್ತಿದ್ದೆವು. ದನ ಮೇಯಿಸುವವರು, ಕೂಲಿಗೆ ಹೋದ ತಾಯಿ ಬರುವಷ್ಟರಲ್ಲಿ ಒಲೆ ಹಚ್ಚಬೇಕಾದವರು ಗಂಟೆ ಬಾರಿಸಿದೊಡನೆ ಓಡುತ್ತಿದ್ದರು. ನಿಂತವರಲ್ಲೇ ಆರಿಸಿದೆವು. ಬಹಳ ವರ್ಷಗಳ ನಂತರ ನಿಮ್ಮಲ್ಲೊಬ್ಬ ಬಸ್ ನಿಲ್ದಾಣದಲ್ಲಿ ಸಿಕ್ಕಿ, "ಸಾರ್, ನಿಮ್ಮ ಟೀಮನ್ನ ಸೋಲಿಸೋ ಏಳು ಜನ ನಮ್ಮ ಕೇರೀಲೇ ಇದ್ದರು" ಎಂದು ನಕ್ಕ. ನನಗೆ ನಗು ಬರಲಿಲ್ಲ. ಓದುತ್ತಿದ್ದೀಯಾದರೆ, ಅಂದು ಉತ್ತರ ಕೊಡದೆ ಬಸ್ ಹತ್ತಿದ್ದಕ್ಕೆ ಕ್ಷಮಿಸಪ್ಪ.

ಈಗ ಅಲ್ಲಿ ಪ್ರತಿ ಹುಡುಗನಿಗೂ ಐದರೊಳಗೆ ಇಷ್ಟು ಎಂದು ನಕ್ಷತ್ರ ಕೊಡುತ್ತಾರೆ. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ಹಣ ಗಳಿಸಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಇದರಿಂದ ಆಟ ಕೆಟ್ಟಿತೆಂದು ಜಗಲಿಯವರ ದೂರು. ದುಡಿದವನಿಗೆ ಕೂಲಿ ಸಿಕ್ಕರೆ ಕೆಡುವುದೇನೆಂದು ನನಗೆ ಅರ್ಥವಾಗಲಿಲ್ಲ.

ಆ ಸಂಜೆಯ ಹುಡುಗ ಎರಡು ವಾರ ಕಾಯಿಸಿ, ಕೊನೆಗೆ ಬೇರೆ ರಾಜ್ಯದ ಕಾಲೇಜಿಗೆ ಸಹಿ ಹಾಕಿದ. ಜಗಲಿಯಲ್ಲಿ ಸೂತಕದ ಮೌನ. ಆ ಕಪ್ಪು ಹಿರಿಯರು ಮಾತ್ರ ನನ್ನ ಮೊಮ್ಮಗನನ್ನು ಕರೆದು, ಮುಂದಿನ ವರ್ಷದ ಪಟ್ಟಿಯಲ್ಲಿ ಯಾರಿದ್ದಾರೆ ನೋಡು ಎಂದರು.