ಆಳವಿಲ್ಲದ ನೀರಿನ ಅಸ್ವಸ್ಥತೆ: ಡೈವಿಂಗ್ ತರಬೇತಿಯ ಹಿಂದಿನ ವೈದ್ಯಚರಿತ್ರೆ

ಸ್ಕೂಬಾ ಡೈವಿಂಗ್ ಕಲಿಯುವವರಲ್ಲಿ ಈಜುಕೊಳದ ತರಬೇತಿ ಮುಗಿದ ಮೇಲೆ ತಲೆನೋವು, ಕಿವಿ ಕಟ್ಟಿಕೊಳ್ಳುವುದು, ವಾಕರಿಕೆ, ತಲೆಸುತ್ತು, ವಿಪರೀತ ಆಯಾಸ ಕಾಣಿಸಿಕೊಳ್ಳುವುದುಂಟು. ಕೊಳದ ಆಳ ಸಾಮಾನ್ಯವಾಗಿ ಮೂರು, ನಾಲ್ಕು ಮೀಟರ್ ಮಾತ್ರ. ಹೀಗಾಗಿ ಇಂಥ ದೂರುಗಳನ್ನು ಹೊಸಬರ ಅಂಜಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಒತ್ತಡದ ಗಾಳಿಯನ್ನು ಉಸಿರಾಡುವವರ ಕಾಯಿಲೆಗಳ ಚರಿತ್ರೆ ಈ ಉದಾಸೀನವನ್ನು ಒಪ್ಪುವುದಿಲ್ಲ. ವೈದ್ಯರಿಗೆ ಮೊದಲು ಅರ್ಥವಾದದ್ದು ಆಳದ ಕಾಯಿಲೆ. ಆಳವಿಲ್ಲದ ನೀರಿನ ಅಪಾಯ ಅವರ ಕಣ್ಣಿಗೆ ಬಿದ್ದದ್ದು ತಡವಾಗಿ, ಅದೂ ತರಬೇತಿಯ ತೊಟ್ಟಿಯಲ್ಲಿ.

ಕಿವಿನೋವು ಎಲ್ಲಕ್ಕಿಂತ ಹಳೆಯ ದೂರು. ಧೂಮಕೇತುವಿನಿಂದಾಗಿ ಹೆಸರಾದ ಖಗೋಳಜ್ಞ ಎಡ್ಮಂಡ್ ಹ್ಯಾಲಿ 1691ರ ಸುಮಾರಿಗೆ ಗಂಟೆಯಾಕಾರದ ಡೈವಿಂಗ್ ಬೆಲ್ ರೂಪಿಸಿ, ತಾವೇ ಅದರಲ್ಲಿ ಕುಳಿತು ನೀರಿಗಿಳಿದರು. ಇಳಿಯುವಾಗ ಕಿವಿಯೊಳಗೆ ಗರಿಯ ಕಡ್ಡಿ ತುರುಕಿದಂಥ ನೋವಾಗುತ್ತದೆ ಎಂದು ಅವರು ಬರೆದಿಟ್ಟಿದ್ದಾರೆ. ಪರಿಹಾರದ ಉಪಾಯ ಬಂದದ್ದು ಬೇರೊಂದು ದಿಕ್ಕಿನಿಂದ. ಇಟಲಿಯ ಅಂಗರಚನಾಶಾಸ್ತ್ರಜ್ಞ ಆಂಟೋನಿಯೋ ವಾಲ್ಸಾಲ್ವಾ 1704ರಲ್ಲಿ ಪ್ರಕಟಿಸಿದ ಕಿವಿಯ ಕುರಿತ ಗ್ರಂಥದಲ್ಲಿ, ಬಾಯಿ ಮತ್ತು ಮೂಗನ್ನು ಮುಚ್ಚಿ ಉಸಿರನ್ನು ಒತ್ತುವ ಕ್ರಮವನ್ನು ವಿವರಿಸಿದರು. ನಡುಗಿವಿಯ ಕೀವನ್ನು ಹೊರದೂಡುವುದು ಅವರ ಉದ್ದೇಶವಾಗಿತ್ತು. ಇಂದು ಜಗತ್ತಿನ ಎಲ್ಲ ಡೈವಿಂಗ್ ಶಾಲೆಗಳ ಮೊದಲ ಪಾಠಗಳಲ್ಲಿ ಅದೂ ಒಂದು.

ಕೊಳದಲ್ಲೂ ಕಿವಿ ಏಕೆ ನೋಯುತ್ತದೆ ಎಂಬುದನ್ನು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮದಿಂದಲೇ ಲೆಕ್ಕಹಾಕಬಹುದು. ಒತ್ತಡ ಹೆಚ್ಚಿದಷ್ಟೂ ಗಾಳಿಯ ಗಾತ್ರ ಕುಗ್ಗುತ್ತದೆ. ನೀರಿನ ಮೇಲ್ಮೈಯಿಂದ ಮೂರು ಮೀಟರ್ ಇಳಿದರೆ ಒತ್ತಡ ಒಂದು ವಾಯುಭಾರದಿಂದ ಸುಮಾರು 1.3ಕ್ಕೆ ಏರಿ, ಗಾಳಿಯ ಗಾತ್ರ ಶೇ 23ರಷ್ಟು ಕುಗ್ಗುತ್ತದೆ. ಮೂವತ್ತು ಮೀಟರ್ ಆಳದಿಂದ ಮೂವತ್ತಮೂರಕ್ಕೆ ಇಳಿದಾಗ ಕುಗ್ಗುವುದು ಶೇ 7 ಮಾತ್ರ. ಕಿವಿಗೂ ಮುಖದ ಮೂಳೆಗಳ ಗಾಳಿಕುಹರಗಳಿಗೂ ಅತಿ ಹೆಚ್ಚು ಏರುಪೇರು ಆಗುವುದು ಮೇಲಿನ ಕೆಲವೇ ಮೀಟರುಗಳಲ್ಲಿ. ಮಾಸ್ಕ್ ತೆಗೆದು ಹಾಕುವ, ತೇಲುವ, ಮುಳುಗುವ ಅಭ್ಯಾಸಗಳಿಗಾಗಿ ಶಿಷ್ಯರು ಒಂದೇ ತಾಸಿನಲ್ಲಿ ಹತ್ತಾರು ಸಲ ಹತ್ತಿಳಿಯುವುದೂ ಇಲ್ಲಿಯೇ.

ಆಳದ ಕಾಯಿಲೆಯ ಕಥೆ ಸಮುದ್ರಕ್ಕಿಂತ ಹೆಚ್ಚಾಗಿ ಗಣಿ ಮತ್ತು ಸೇತುವೆಗಳದ್ದು. ಫ್ರೆಂಚ್ ಎಂಜಿನಿಯರ್ ತ್ರಿಜೆ 1841ರಲ್ಲಿ ಲುಆರ್ ನದಿಯ ಬಳಿ, ಒತ್ತಡದ ಗಾಳಿ ತುಂಬಿ ನೀರನ್ನು ಹೊರಗಿಡುವ ಕಬ್ಬಿಣದ ಕೊಳವೆಯೊಳಗೆ ಕೆಲಸ ಮಾಡಿಸಿದ ಮೇಲೆ ಕೂಲಿಗಳ ಕೀಲುನೋವು ವರದಿಯಾಯಿತು. ಪೋಲ್ ಮತ್ತು ವಾತೆಲ್ ಎಂಬ ವೈದ್ಯರು 1854ರಲ್ಲಿ, ತೊಂದರೆ ಇರುವುದು ಒಳಗಿರುವಾಗಲ್ಲ, ಹೊರಬರುವಾಗ ಎಂದು ಸರಿಯಾಗಿ ಗುರುತಿಸಿದರು. ಆದರೂ ಅಮೆರಿಕದ ಸೇಂಟ್ ಲೂಯಿಸ್‌ನ ಈಡ್ಸ್ ಸೇತುವೆಯ ಅಡಿಪಾಯ ತೋಡುವಾಗ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿನ ವೈದ್ಯ ಜ್ಯಾಮಿನೆ 1870ರಲ್ಲಿ ಸುಮಾರು 95 ಅಡಿ ಆಳದಲ್ಲಿ ಎರಡೂಮುಕ್ಕಾಲು ತಾಸು ಇದ್ದು, ನಾಲ್ಕು ನಿಮಿಷದೊಳಗೆ ಹೊರಬಂದು, ಸ್ವತಃ ಲಕ್ವಕ್ಕೆ ತುತ್ತಾದರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ಕಾಯಿಲೆಯಿಂದ ಹಾಸಿಗೆ ಹಿಡಿದರು. ಒತ್ತಡ ಇಳಿದಾಗ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗುವುದೇ ಕಾರಣ ಎಂದು 1878ರಲ್ಲಿ ಫ್ರೆಂಚ್ ಶರೀರಕ್ರಿಯಾ ವಿಜ್ಞಾನಿ ಪಾಲ್ ಬೇರ್ ತೋರಿಸಿಕೊಟ್ಟರು.

ಈ ಚರಿತ್ರೆಯಲ್ಲಿ ಅತ್ಯಂತ ಫಲಕಾರಿಯಾದದ್ದು ಬ್ರಿಟಿಷ್ ನೌಕಾಪಡೆಗಾಗಿ ಶರೀರಕ್ರಿಯಾ ವಿಜ್ಞಾನಿ ಜಾನ್ ಸ್ಕಾಟ್ ಹ್ಯಾಲ್ಡೇನ್ ನಡೆಸಿದ ಸಂಶೋಧನೆ. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಉಕ್ಕಿನ ಕೋಣೆಯಲ್ಲಿ ಮೇಕೆಗಳನ್ನಿಟ್ಟು ಒತ್ತಡ ಏರಿಸಿ ಇಳಿಸಿದರು. ಕೀಲುನೋವು ಬಂದ ಮೇಕೆ ಮುಂಗಾಲನ್ನು ನೆಲಕ್ಕೂರದೆ ಎತ್ತಿ ಹಿಡಿಯುತ್ತಿತ್ತು. ಮಾತು ಬಾರದ ಪ್ರಾಣಿಯ ಆ ಭಂಗಿಯೇ ರೋಗದ ಗುರುತಾಯಿತು. ಹತ್ತು ಮೀಟರ್ ಆಳದಿಂದ ನೇರವಾಗಿ ಮೇಲೆ ಬಂದವರಿಗೆ ಈ ಕಾಯಿಲೆ ಬರುವುದಿಲ್ಲ ಎಂಬ ಅನುಭವವನ್ನು ಆಧಾರವಾಗಿಟ್ಟುಕೊಂಡು, ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು ಸಹಸಂಶೋಧಕರಾದ ಬಾಯ್ಕಾಟ್ ಮತ್ತು ಡ್ಯಾಮಂಟ್ ಅವರೊಂದಿಗೆ 1908ರಲ್ಲಿ ಪ್ರಕಟಿಸಿದರು. ಮುಂದೆ ಈ ಲೆಕ್ಕ ಪರಿಷ್ಕಾರಗೊಂಡಿತಾದರೂ ಈಜುಕೊಳದ ಆಳದಲ್ಲಿ ಸಾರಜನಕದ ಕಾಯಿಲೆಯ ಭಯ ಬಹುತೇಕ ಇಲ್ಲವೆಂಬುದು ನಿಜವಾಗಿಯೇ ಉಳಿದಿದೆ.

ಹ್ಯಾಲ್ಡೇನ್ ಅವರ ಇನ್ನೊಂದು ಶೋಧ ಇಷ್ಟು ಪ್ರಸಿದ್ಧವಲ್ಲ, ಆದರೆ ಕೊಳದ ಶಿಷ್ಯರಿಗೆ ಹೆಚ್ಚು ಹತ್ತಿರದ್ದು. ನೌಕಾಪಡೆಯ ಡೈವರುಗಳು ಆಳದಲ್ಲಿ ಏದುಸಿರು ಬಂದು ಕೆಲಸ ಮಾಡಲಾರದೆ ಹೋಗುತ್ತಿದ್ದರು. ಹೆಲ್ಮೆಟ್ಟಿನೊಳಗಿನ ಗಾಳಿಯನ್ನು ಪರೀಕ್ಷಿಸಿದಾಗ ಅಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿಕೊಳ್ಳುವುದು ಗೊತ್ತಾಯಿತು. ಪಂಪಿನಿಂದ ಹೆಚ್ಚು ಗಾಳಿ ಕಳಿಸಿದಾಗ ತೊಂದರೆ ನೀಗಿತು. ಕುಸ್ಟೋ ಮತ್ತು ಗಾನ್ಯಾಂ 1943ರಲ್ಲಿ ರೂಪಿಸಿದ ಆಕ್ವಾಲಂಗ್ ಎಂಬ ಸ್ಕೂಬಾ ಉಸಿರಾಟ ಸಾಧನ ಹೆಲ್ಮೆಟ್ಟನ್ನೇ ಬಿಡಿಸಿತು. ಆದರೆ ಇಂಗಾಲದ ಡೈಆಕ್ಸೈಡ್ ಬಿಡಲಿಲ್ಲ. ಸಿಲಿಂಡರಿನ ಗಾಳಿ ಉಳಿಸಲೆಂದು ಉಸಿರು ತಡೆಹಿಡಿಯುವ ಅಥವಾ ಗಾಬರಿಯಿಂದ ಚಿಕ್ಕಚಿಕ್ಕ ಉಸಿರು ಎಳೆಯುವ ಹೊಸಬರ ರಕ್ತದಲ್ಲಿ ಅದು ಏರುತ್ತದೆ. ತರಬೇತಿಯ ನಂತರ ತಲೆ ಸಿಡಿಯುವುದಕ್ಕೆ ಇದೊಂದು ಮುಖ್ಯ ಕಾರಣ. ಒಂದೇ ಕಂಪ್ರೆಸರಿನಿಂದ ತುಂಬಿದ ಸಿಲಿಂಡರುಗಳನ್ನು ಬಳಸಿದ ಹಲವರಿಗೆ ಒಟ್ಟಿಗೇ ತಲೆನೋವು ಬಂದರೆ ಎಂಜಿನ್ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಬೆರೆತಿರಬಹುದೆಂದು ಶಂಕಿಸಬೇಕು.

ಆಳವಿಲ್ಲದ ನೀರಿನ ನಿಜವಾದ ಅಪಾಯ ಬೆಳಕಿಗೆ ಬಂದದ್ದು ಸಬ್‌ಮರೀನ್ ನಾವಿಕರ ತರಬೇತಿಯಲ್ಲಿ. ಮುಳುಗಿದ ಹಡಗಿನಿಂದ ಪಾರಾಗುವುದನ್ನು ಕಲಿಸಲು ಅಮೆರಿಕದ ನೌಕಾಪಡೆ 1930ರಲ್ಲಿ ನ್ಯೂ ಲಂಡನ್ ನೆಲೆಯಲ್ಲಿ 100 ಅಡಿ ಆಳದ ನೀರಿನ ಗೋಪುರ ಕಟ್ಟಿತು. ಅಲ್ಲಿ ಕೆಲವೇ ಕ್ಷಣ ನೀರಿನಲ್ಲಿದ್ದವರೂ ಮೇಲೆ ಬಂದೊಡನೆ ಕುಸಿದರು. ಸಾರಜನಕ ಕರಗಲು ಬೇಕಾದ ಸಮಯವೇ ಆಗಿರಲಿಲ್ಲ. ನೌಕಾಪಡೆಯ ವೈದ್ಯರಾದ ಪೊಲಾಕ್ ಮತ್ತು ಆಡಮ್ಸ್ 1932ರಲ್ಲಿ ಕಾರಣವನ್ನು ವಿವರಿಸಿದರು: ಉಸಿರು ಹಿಡಿದು ಮೇಲೇರಿದಾಗ ಶ್ವಾಸಕೋಶದಲ್ಲಿ ಗಾಳಿ ಹಿಗ್ಗುತ್ತದೆ, ಗಾಳಿಗೂಡುಗಳು ಹರಿಯುತ್ತವೆ, ಗುಳ್ಳೆಗಳು ರಕ್ತದೊಳಗೆ ನುಗ್ಗಿ ಮಿದುಳಿಗೆ ಸೇರುತ್ತವೆ. ಒತ್ತಡದ ಗಾಳಿ ಎಳೆದು ಶ್ವಾಸಕೋಶ ತುಂಬಿಕೊಂಡವರಿಗೆ ನಾಲ್ಕೈದು ಅಡಿ ಮೇಲೇರುವುದೂ ಇದಕ್ಕೆ ಸಾಕಾಗಬಹುದು. ಸ್ಕೂಬಾ ಕಲಿಕೆಯ ಮೊದಲ ಕಟ್ಟಳೆಯಾದ ‘ಉಸಿರು ಹಿಡಿಯಬೇಡಿ’ ಎಂಬುದರ ಹಿಂದೆ ಇಂಥ ಸಾವುನೋವುಗಳಿವೆ.

ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆ 1950ರ ದಶಕದ ಆರಂಭದಲ್ಲಿ ತನ್ನ ಸಂಶೋಧಕರಿಗೆ ಕ್ರಮಬದ್ಧ ತರಬೇತಿ ಶುರುಮಾಡಿತು. ಬ್ರಿಟಿಷ್ ಸಬ್-ಆಕ್ವಾ ಕ್ಲಬ್ 1953ರಲ್ಲಿ, ಡೈವಿಂಗ್ ತರಬೇತಿಯ ಪ್ಯಾಡಿ ಸಂಸ್ಥೆ 1966ರಲ್ಲಿ ಹುಟ್ಟಿದವು. ಸಮುದ್ರಕ್ಕೆ ಮುನ್ನ ಕೊಳ ಎಂಬ ಪದ್ಧತಿ ನೆಲೆಗೊಂಡಿತು. ಆ ಕೊಳದಲ್ಲಿ ನುಂಗಿದ ಗಾಳಿ, ನುಂಗಿದ ನೀರು, ಕ್ಲೋರಿನ್ನು ಬೆವರು ಮೂತ್ರಗಳೊಂದಿಗೆ ಬೆರೆತು ಎಬ್ಬಿಸುವ ಕಟುವಾಸನೆ ಇವೂ ವಾಕರಿಕೆ, ಕೆಮ್ಮು ತರುತ್ತವೆ. ಇನ್ನು 1989ರಲ್ಲಿ ವಿಲ್ಮ್ಸ್‌ಹರ್ಸ್ಟ್ ಮತ್ತು ಸಂಗಡಿಗರು, ನೀರಿನಲ್ಲಿರುವಾಗ ಕೆಲವರ ಶ್ವಾಸಕೋಶದಲ್ಲಿ ದ್ರವ ತುಂಬಿಕೊಳ್ಳುವುದನ್ನು ವರದಿ ಮಾಡಿದರು. ಕೆಮ್ಮಿ ನೊರೆ ಬರುವುದು ಅದರ ಚಿಹ್ನೆ.

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡುವ ಆಸೆಯಿಂದ ಕೊಳಕ್ಕಿಳಿಯುವ ಕನ್ನಡಿಗರಿಗೂ ಈ ಅರಿವು ಬೇಕು. ನೆಗಡಿ ಇದ್ದಾಗ ನೀರಿಗಿಳಿಯಬಾರದು, ಕಿವಿ ನೊಂದರೆ ಇನ್ನಷ್ಟು ಇಳಿಯಬಾರದು. ತರಬೇತಿಯ ನಂತರ ಎದೆನೋವು, ಏದುಸಿರು, ರಕ್ತ ಬೆರೆತ ಕಫ, ಕೈಕಾಲು ಜೋಮು, ತೊದಲು ಮಾತು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕೊಳದಲ್ಲಿ ಸಿಲಿಂಡರಿನ ಗಾಳಿ ಉಸಿರಾಡಿದ್ದನ್ನು ವೈದ್ಯರಿಗೆ ಮೊದಲು ತಿಳಿಸಬೇಕು.